ಕೂತಜ್ಜನ ಬಂಡೆ ಮತ್ತು ಹಗ್ಗದ ಪೆದ್ದಕ್ಕ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಈ ಕಥೆಯನ್ನು ಚೆನ್ನಾಗಿ ಹೇಳುವವರು ನಮ್ಮಲ್ಲಿ ಬೇರೆ ಇದ್ದರು. ಅವರು ಹೇಳಲು ಕೂತರೆ ಕೇಳುವವರ ಬಾಯಲ್ಲಿ ಎಲೆಅಡಿಕೆ ಅಗಿಯದೆ ಹಾಗೇ ಉಳಿಯುತ್ತಿತ್ತು. ನನಗೆ ಕಲ್ಲಿನ ಕೆಲಸ ಗೊತ್ತು, ಬರೆಯುವ ಕೆಲಸ ಗೊತ್ತಿಲ್ಲ. ಯಾವುದನ್ನು ಬಿಡಬೇಕು, ಯಾವುದನ್ನು ಹೇಳಬೇಕು ಎಂದು ತಿಳಿಯದೆ ಎಲ್ಲವನ್ನೂ ಬಿಡಿಸಿ ಹೇಳುತ್ತಾ ಹೋಗುತ್ತೇನೆ. ಗೊತ್ತಿದ್ದವರು ಬೇಸರಪಡಬೇಡಿ, ಗೊತ್ತಿಲ್ಲದವರು ನಗಬೇಡಿ.

ಬಹಳ ಹಿಂದೆ ಕರೇಕಲ್ಲಹಟ್ಟಿ ಎಂಬ ಒಂದು ಊರಿತ್ತಂತೆ. ಎಷ್ಟು ಹಿಂದೆ ಎಂದು ಕೇಳಬೇಡಿ, ವರ್ಷವನ್ನು ಯಾರೂ ಗುರುತಿಟ್ಟಿಲ್ಲ. ಊರು ಎಂದೆ, ಆದರೆ ಅದು ಊರಲ್ಲ, ಹಟ್ಟಿ. ಬೆಟ್ಟದ ಬುಡದಲ್ಲಿ ನಲವತ್ತು ಗುಡಿಸಲು, ಒಂದು ಬಾವಿ, ಅಷ್ಟೇ. ಅಲ್ಲಿದ್ದವರೆಲ್ಲ ಕಲ್ಲು ಒಡೆಯುವವರು. ಗಂಡಸರು ಕುಳಿ ಹೊಡೆದು ಮದ್ದು ತುಂಬುತ್ತಿದ್ದರು, ಹೆಂಗಸರು ಜಲ್ಲಿ ಕುಟ್ಟುತ್ತಿದ್ದರು. ಕುಳಿ ಎಂದರೆ ಬಂಡೆಯಲ್ಲಿ ಉಳಿಯಿಂದ ಕೊರೆದ ಆಳವಾದ ತೂತು. ಇದನ್ನು ಈಗಲೇ ಹೇಳಿಬಿಟ್ಟರೆ ಒಳ್ಳೆಯದು, ಮುಂದೆ ಪದೇಪದೇ ಬರುತ್ತದೆ.

ಆ ಹಟ್ಟಿಯಲ್ಲಿ ಪೆದ್ದಕ್ಕ ಎಂಬುವಳಿದ್ದಳಂತೆ. ಅವಳು ಜಲ್ಲಿ ಕುಟ್ಟುತ್ತಿರಲಿಲ್ಲ, ಕತ್ತಾಳೆ ನಾರಿನಿಂದ ಹಗ್ಗ ಹೊಸೆಯುತ್ತಿದ್ದಳು. ಕಣ್ಣು ಮುಚ್ಚಿ ಹೊಸೆದರೂ ಎಳೆಯಲ್ಲಿ ಉಬ್ಬುತಗ್ಗು ಇರುತ್ತಿರಲಿಲ್ಲವಂತೆ. ಅವಳ ಹಗ್ಗಕ್ಕೆ ಎರಡು ಎತ್ತುಗಳನ್ನು ಕಟ್ಟಿ ಎರಡು ದಿಕ್ಕಿಗೆ ಎಳೆಸಿದರೆ ಎತ್ತುಗಳೇ ಸೋತು ಮಲಗಿದವಂತೆ. ಹಾಗೆನ್ನುತ್ತಾರೆ. ನಾನು ನೋಡಿಲ್ಲ. ಅವಳ ಗಂಡ ಮೂಗಕುಳಿಗೆ ಸಿಕ್ಕಿ ಹೋಗಿದ್ದ. ಮದ್ದು ತುಂಬಿ ಬೆಂಕಿ ಕೊಟ್ಟ ಮೇಲೂ ಸಿಡಿಯದೆ ಸುಮ್ಮನೆ ಉಳಿದ ಕುಳಿಯನ್ನು ನಮ್ಮವರು ಮೂಗಕುಳಿ ಎನ್ನುತ್ತಾರೆ. ಅದು ಯಾವಾಗ ಬಾಯಿ ಬಿಡುತ್ತದೆ ಎಂದು ಹೇಳಲಾಗದು. ಹತ್ತಿರ ಹೋದವನು ಹೋದ ಹಾಗೇ.

ಪೆದ್ದಕ್ಕನಿಗೆ ಕದಿರಪ್ಪ ಎಂಬ ತಮ್ಮನಿದ್ದ. ಹಟ್ಟಿಗೆಲ್ಲ ಅವನೇ ಮದ್ದಿನ ಮೇಸ್ತ್ರಿ. ಬತ್ತಿ ಹಚ್ಚುವುದರಲ್ಲಿ ಅವನನ್ನು ಮೀರಿಸಿದವರು ಸುತ್ತ ಏಳು ಬೆಟ್ಟದಲ್ಲಿ ಇರಲಿಲ್ಲವಂತೆ. ಬತ್ತಿ ಎಂದರೆ ದೀಪದ ಬತ್ತಿಯಲ್ಲ. ಒಳಗೆ ಕರಿಮದ್ದು ತುಂಬಿ ಸುತ್ತಲೂ ದಾರ ಸುತ್ತಿದ ಎಳೆ. ಒಂದು ತುದಿಗೆ ಬೆಂಕಿ ಕೊಟ್ಟರೆ ಬೀಡಿ ಉರಿದ ಹಾಗೆ ಮೆಲ್ಲಗೆ ಉರಿದುಕೊಂಡು ಕುಳಿಯೊಳಗೆ ಇಳಿಯುತ್ತದೆ. ಅದಕ್ಕೂ ಮುಂಚೆ ಒಣಹುಲ್ಲಿನ ಕಡ್ಡಿಯಲ್ಲಿ ಮದ್ದು ತುಂಬಿ ಹಚ್ಚುತ್ತಿದ್ದರಂತೆ. ಅದು ಒಂದು ಸಲ ತಡವಾಗುತ್ತಿತ್ತು, ಒಂದು ಸಲ ಸರ್ರನೆ ಹೋಗುತ್ತಿತ್ತು. ಕೈ ಕಳೆದುಕೊಂಡವರಿಗೆ ಲೆಕ್ಕವಿರಲಿಲ್ಲ. ದೂರದ ಯಾವುದೋ ದೇಶದಲ್ಲಿ ಒಬ್ಬಾತ ಹಗ್ಗ ಹೊಸೆಯುವವರನ್ನು ನೋಡುತ್ತಾ ನಿಂತಾಗ, ಎಳೆಗಳ ನಡುವೆ ಮದ್ದು ಸುರಿದು ಹೊಸೆದರೆ ಹೇಗೆ ಎಂದು ಹೊಳೆಯಿತಂತೆ. ಹಾಗೆ ಹುಟ್ಟಿದ್ದು ಬತ್ತಿ.

ಕದಿರಪ್ಪ ಬತ್ತಿ ಹಚ್ಚುವ ರೀತಿಯನ್ನು ಸ್ವಲ್ಪ ವಿವರಿಸಬೇಕು, ಕಥೆಯೆಲ್ಲ ಅದರ ಮೇಲೇ ನಿಂತಿದೆ. ಹತ್ತು ಕುಳಿ ಇದ್ದರೆ ಹತ್ತು ಬತ್ತಿ. ಅವನು ಎಲ್ಲಕ್ಕಿಂತ ಮೇಲಿನ ಕುಳಿಯಿಂದ ಶುರುಮಾಡಿ, ಒಂದೊಂದನ್ನೇ ಹಚ್ಚುತ್ತಾ ಕೆಳಗಿಳಿದು, ಕೊನೆಯದನ್ನು ಹಚ್ಚಿ ಓಡಿ ಅಡಗುತ್ತಿದ್ದ. ಆದ್ದರಿಂದ ಎಲ್ಲ ಬತ್ತಿಗಳ ಬಾಲವನ್ನೂ ತಾನು ಓಡುವ ದಿಕ್ಕಿಗೇ ವಾಲಿಸಿ ಇಡುತ್ತಿದ್ದ. ಆಗ ಬಗ್ಗಿದ ಕೈಗೆ ಬಾಲ ತಾನೇ ಸಿಗುತ್ತದೆ, ಹುಡುಕಬೇಕಾಗಿಲ್ಲ. ಅವನಿಗೆ ಅವನಪ್ಪ ಕಲಿಸಿದ್ದು ಅದನ್ನೇ, ಅವನಪ್ಪನಿಗೆ ಅವನ ತಾತ ಕಲಿಸಿದ್ದೂ ಅದನ್ನೇ. ಆಮೇಲೆ ಅಡಗಿದಲ್ಲಿ ಕೂತು ಗಟ್ಟಿಯಾಗಿ ಎಣಿಸುವುದು. ಢಂ, ಒಂದು. ಢಂ, ಎರಡು. ಹತ್ತು ಹಚ್ಚಿ ಹತ್ತು ಕೇಳಿದರೆ ಸರಿ. ಒಂಬತ್ತೇ ಕೇಳಿದರೆ ಎಲ್ಲೋ ಒಂದು ಮೂಗಕುಳಿ ಇದೆ ಎಂದು ಅರ್ಥ. ಮಾರನೆಯ ದಿನದವರೆಗೆ ಬಂಡೆಯ ಕಡೆ ಯಾರೂ ತಲೆಹಾಕಬಾರದು.

ಈಗ ಬಂಡೆಯ ವಿಷಯ. ಹಟ್ಟಿಯ ನೆತ್ತಿಯ ಮೇಲೆ, ಬೆಟ್ಟದ ಇಳಿಜಾರಿನಲ್ಲಿ, ಒಂದು ಗುಂಡುಬಂಡೆ ಇತ್ತಂತೆ. ದೂರದಿಂದ ನೋಡಿದರೆ ಮುದುಕನೊಬ್ಬ ಕಂಬಳಿ ಹೊದ್ದು ಕುಕ್ಕರುಗಾಲಲ್ಲಿ ಕೂತ ಹಾಗೆ ಕಾಣುತ್ತಿದ್ದರಿಂದ ಅದಕ್ಕೆ ಕೂತಜ್ಜ ಎಂದು ಹೆಸರು. ಅದರ ನೆರಳು ಹಟ್ಟಿಯನ್ನು ಬಿಟ್ಟು ಸರಿಯಬೇಕಾದರೆ ಮಧ್ಯಾಹ್ನವೇ ಆಗುತ್ತಿತ್ತಂತೆ. ಒಂದು ವರ್ಷ ಮಳೆ ಹುಚ್ಚುಹಿಡಿದ ಹಾಗೆ ಸುರಿದು ಕೂತಜ್ಜನ ಕಾಲಡಿಯ ಮಣ್ಣು ಕೊಚ್ಚಿಹೋಯಿತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಅಜ್ಜ ಒಂದು ಗೇಣು ಮುಂದಕ್ಕೆ ಬಂದಿದ್ದ.

ಅಮಲ್ದಾರರು ಕುದುರೆ ಏರಿ ಬಂದು ನೋಡಿದರಂತೆ. ನೋಡಿ, ಎಂಟು ದಿನದೊಳಗೆ ಒಂದೋ ಈ ಬಂಡೆ ಹೋಗಬೇಕು, ಇಲ್ಲ ಹಟ್ಟಿ ಹೋಗಬೇಕು ಎಂದು ಹೇಳಿ ಹೋದರಂತೆ. ಹಟ್ಟಿ ಹೋಗುವುದೆಂದರೆ ಏನು? ನಲವತ್ತು ಮನೆಗೆ ಒಂದೇ ಕಡೆ ಜಾಗ ಕೊಡುವವರು ಯಾರೂ ಇರಲಿಲ್ಲ. ಒಬ್ಬೊಬ್ಬರು ಒಂದೊಂದು ಕಲ್ಲುಗಣಿಯ ದಾರಿ ಹಿಡಿಯಬೇಕು. ಅಣ್ಣ ಒಂದು ಕಡೆ, ತಮ್ಮ ಒಂದು ಕಡೆ. ತಾವೇ ತೋಡಿದ ಬಾವಿ ಯಾರಿಗೋ. ಕರೇಕಲ್ಲಹಟ್ಟಿ ಎಂಬ ಹೆಸರೇ ಅಳಿಸಿಹೋಗುತ್ತಿತ್ತು.

ಬಂಡೆ ಒಡೆಯುವವರಿಗೆ ಬಂಡೆ ಒಡೆಯುವುದು ಕಷ್ಟವೇ ಎಂದು ನೀವು ಕೇಳಬಹುದು. ಕಷ್ಟವಿದ್ದದ್ದು ಇಲ್ಲಿ: ಅಜ್ಜನ ಸೊಂಟಕ್ಕೆ ಹದಿನಾಲ್ಕು ಕುಳಿಯಾದರೂ ಬೇಕು. ಬತ್ತಿ ಎಷ್ಟೇ ಅಳೆದು ಕತ್ತರಿಸಿದರೂ ಹದಿನಾಲ್ಕೂ ಒಟ್ಟಿಗೆ ಸಿಡಿಯುವುದಿಲ್ಲ, ಒಂದಾದ ಮೇಲೆ ಒಂದು. ಮೊದಲನೆಯದು ಸಿಡಿದ ಪೆಟ್ಟಿಗೇ ಅಜ್ಜ ಅಲುಗುತ್ತಾನೆ, ಎರಡನೆಯದಕ್ಕೆ ಉರುಳುತ್ತಾನೆ, ಮೂರನೆಯದು ಸಿಡಿಯುವ ಹೊತ್ತಿಗೆ ಹಟ್ಟಿಯ ನಡುವೆ ಇರುತ್ತಾನೆ. ಹದಿನಾಲ್ಕೂ ಒಂದೇ ಉಸಿರಿಗೆ ಸಿಡಿದರೆ ಮಾತ್ರ ಅವನು ಕೂತಲ್ಲೇ ಒಡೆದು ಕೂತಲ್ಲೇ ಕುಸಿಯುತ್ತಾನೆ. ಕದಿರಪ್ಪ ಮೂರು ಸಲ ಬಂಡೆ ಸುತ್ತಿ ಬಂದು, ತನ್ನಿಂದಾಗದು ಎಂದನಂತೆ. ಅವನು ಹಾಗೆಂದಿದ್ದನ್ನು ಹಟ್ಟಿ ಹಿಂದೆಂದೂ ಕೇಳಿರಲಿಲ್ಲ.

ಎರಡನೆಯ ದಿನ ಬುಡೇನ್ ಸಾಬರು ಬಂದರು. ಅವರು ಅಣೆಕಟ್ಟೆ ಕೆಲಸದ ಉಗ್ರಾಣ ಕಾಯುತ್ತಿದ್ದ ಮುದುಕರು, ಹಟ್ಟಿಗೆ ಹಳೆಯ ನೆಂಟಸ್ತನ. ಕೈಯಲ್ಲಿ ಹಳದಿ ಬಣ್ಣದ ಹಗ್ಗದ ಎರಡು ಸುರುಳಿ. ಕದಿರಪ್ಪ ಒಂದು ತುಂಡು ಕತ್ತರಿಸಿ ಬೆಂಕಿಕಡ್ಡಿ ಗೀರಿ ಹಿಡಿದ. ಅದು ಚುರುಗುಟ್ಟಿ, ಹೊಗೆ ಬಿಟ್ಟು, ಆರಿಹೋಯಿತು.

"ಸಾಬ್ರೇ, ಇದು ಬತ್ತಿ ಅಲ್ಲ, ಬತ್ತಿ ಹೆಣ. ಹೂಳೋಕೆ ತಂದ್ರಾ?" ಎಂದು ಕದಿರಪ್ಪ ನಕ್ಕ.

"ಕಡ್ಡಿ ಗೀರಿದ್ರೆ ಏಳೋ ಆಸಾಮಿ ಅಲ್ಲ ಕಣಪ್ಪ ಇವನು," ಎಂದರಂತೆ ಸಾಬರು. "ಕೇಪಿನ ಪೆಟ್ಟು ಬೀಳ್ಬೇಕು. ಬಿತ್ತು ಅಂದ್ರೆ ಈ ತುದೀಲಿ ಹೊರಟೋನು ಆ ತುದಿ ಮುಟ್ಟಿದ್ದು ನಿನ್ನ ಕಣ್ಣಿಗೇ ಕಾಣಲ್ಲ."

ಕೇಪು ಎಂದರೆ ಬೆರಳಿನಷ್ಟು ಉದ್ದದ ಲೋಹದ ಕೊಳವೆ, ಮೊದಲ ಪೆಟ್ಟು ಕೊಡುವುದು ಅದೇ. ಸಾಬರು ತಿಳಿದಷ್ಟನ್ನು ವಿವರಿಸಿದರು. ಮೊದಮೊದಲು ಹೀಗೆ ಓಡುವ ಮದ್ದನ್ನು ಸೀಸದ ಕೊಳವೆಯಲ್ಲಿ ತುಂಬುತ್ತಿದ್ದರಂತೆ. ಅದು ಭಾರ, ಬೇಕಾದಂತೆ ಬಗ್ಗುತ್ತಿರಲಿಲ್ಲ. ಆಮೇಲೆ ಬಿಳಿಮದ್ದನ್ನು ದಾರದಿಂದ ಸುತ್ತಿ ಹಗ್ಗ ಮಾಡಿದರಂತೆ. ಬತ್ತಿ ಉರಿಯುತ್ತದೆ, ಇದು ಉದ್ದಕ್ಕೂ ಸಿಡಿಯುತ್ತದೆ. ಬತ್ತಿ ಬೆಂಕಿಯನ್ನು ಹೊತ್ತು ನಡೆಯುತ್ತದೆ, ಇದು ಪೆಟ್ಟನ್ನು ಹೊತ್ತು ಓಡುತ್ತದೆ. ಕಾಗದಪತ್ರದಲ್ಲಿ ಈಗ ಇದನ್ನು ಡಿ.ಎಫ್., ಅಂದರೆ ಡಿಟೊನೇಟಿಂಗ್ ಫ್ಯೂಸ್, ಎಂದು ಬರೆಯುತ್ತಾರೆ. ಒಂದು ಉದ್ದನೆಯ ಹಗ್ಗ ಬಂಡೆಯ ಮೇಲೆ ಮಲಗಬೇಕು, ಪ್ರತಿ ಕುಳಿಯಿಂದ ಒಂದೊಂದು ತುಂಡು ಬಂದು ಅದಕ್ಕೆ ಗಂಟು ಬೀಳಬೇಕು. ಅಷ್ಟಾದರೆ ಎಲ್ಲ ಕುಳಿಯೂ ಒಟ್ಟಿಗೆ. ಸಾಬರಿಗೆ ಗೊತ್ತಿದ್ದದ್ದು ಅಷ್ಟೇ. ಅವರು ಉಗ್ರಾಣದವರು, ಬಂಡೆ ಹತ್ತಿದವರಲ್ಲ.

ಮೂರನೆಯ ದಿನ ಹಟ್ಟಿಯ ಹೊರಗಿನ ಚಪ್ಪಟೆ ಬಂಡೆಯ ಮೇಲೆ ಕದಿರಪ್ಪ ಒಂದು ಸುರುಳಿಯನ್ನು ಪರೀಕ್ಷೆಗೆ ಹೂಡಿದ. ಎಂಟು ಕುಳಿ. ಯಾವಾಗಲೂ ಮೇಲಿನಿಂದ ಶುರುಮಾಡುವವನಾದ್ದರಿಂದ ಕೇಪನ್ನು ಮೇಲಿನ ತುದಿಗೇ ಕಟ್ಟಿದ. ತುಂಡುಗಳ ಬಾಲವನ್ನು ಯಾವಾಗಲೂ ಓಡುವ ಕಡೆಗೇ ವಾಲಿಸುವವನಾದ್ದರಿಂದ ಜಾಗವಿದ್ದಲ್ಲೆಲ್ಲ ಕೆಳಕ್ಕೆ ವಾಲಿಸಿ ಉದ್ದ ಹಗ್ಗಕ್ಕೆ ಗಂಟು ಹಾಕಿದ. ಯೋಚಿಸಿ ಹಾಕಿದ್ದಲ್ಲ, ಕೈ ತಾನೇ ಹಾಕಿತು. ಕೇಪಿಗೆ ಬತ್ತಿ ಕೊಟ್ಟು ಅಡಗಿದ. ಒಂದೇ ಸದ್ದು. ಹಟ್ಟಿಯವರೆಲ್ಲ ಕೇಕೆ ಹಾಕಿದರು.

ಮಾರನೆಯ ದಿನ ಹೋಗಿ ನೋಡಿದರೆ ಸಿಡಿದದ್ದು ಮೂರು ಕುಳಿ. ಉಳಿದ ಐದೂ ಮೂಗ.

ಕದಿರಪ್ಪನ ಮುಖ ಸುಟ್ಟ ಕಲ್ಲಿನ ಹಾಗಾಯಿತಂತೆ. ಹಗ್ಗ ಕೊಳೆತಿದೆ ಎಂದ. ಸಾಬರನ್ನು ಬೈದ. ಎರಡನೆಯ ಸುರುಳಿಯನ್ನು ಬಾವಿಗೆ ಎಸೆಯುತ್ತೇನೆ ಎಂದ. ಹೆಂಗಸರು ಪಾತ್ರೆಗಳನ್ನು ಚಾಪೆಯಲ್ಲಿ ಸುತ್ತತೊಡಗಿದರು. ಪೆದ್ದಕ್ಕ ಮಾತ್ರ ಏನನ್ನೂ ಸುತ್ತಲಿಲ್ಲ. ಬಂಡೆಯ ಅಂಚಿನಲ್ಲಿ ನಿಂತು ನೋಡುತ್ತಲೇ ಇದ್ದಳು. ಮದ್ದು ತುಂಬಿದ ಬಂಡೆಯನ್ನು ಹೆಂಗಸರು ತುಳಿಯಬಾರದು ಎಂಬ ಕಟ್ಟಳೆ ಇತ್ತು, ಆದ್ದರಿಂದ ಅಂಚಿನಲ್ಲೇ ನಿಂತಳು. ಗಂಡನನ್ನು ನುಂಗಿದ ಕುಳಿಯಂಥವೇ ಐದು ಕುಳಿ ಅವಳ ಎದುರಿಗಿದ್ದವು. ಅವಳು ನೋಡುತ್ತಿದ್ದದ್ದು ಕುಳಿಯನ್ನಲ್ಲ, ಹಗ್ಗವನ್ನು. ಉದ್ದ ಹಗ್ಗ ಪೂರ್ತಿ ಸಿಡಿದುಹೋಗಿ ಬಂಡೆಯ ಮೇಲೆ ಬರೀ ಗೀಟು ಉಳಿದಿತ್ತು. ಐದು ತುಂಡುಗಳು ಮಾತ್ರ ಗಂಟಿನ ಬುಡದಲ್ಲಿ ಕತ್ತರಿಸಿದಂತಾಗಿ ಹಾಗೇ ಬಿದ್ದಿದ್ದವು. ಐದೂ ಒಂದೇ ಕಡೆಗೆ ವಾಲಿದ್ದವು. ಸಿಡಿದ ಮೂರು ಕುಳಿ ಇದ್ದದ್ದು ಬಂಡೆಯ ಉಬ್ಬಿನ ಬಳಿ. ಅಲ್ಲಿ ಬಾಲ ವಾಲಿಸಲು ಜಾಗವೇ ಇರಲಿಲ್ಲ, ತುಂಡುಗಳು ಗೀಟಿಗೆ ಅಡ್ಡಲಾಗಿ ನೆಟ್ಟಗೆ ನಿಂತಿರಬೇಕು.

ಅವಳು ಹಟ್ಟಿಗೆ ಬಂದು, ತನ್ನ ಕತ್ತಾಳೆ ಹಗ್ಗವನ್ನು ನೆಲದ ಮೇಲೆ ಉದ್ದಕ್ಕೆ ಹಾಸಿದಳಂತೆ. ಅದಕ್ಕೆ ಹಿಂದಕ್ಕೆ ವಾಲಿದ ಒಂದು ಕವಲು ಕಟ್ಟಿ ಕದಿರಪ್ಪನನ್ನು ಕರೆದಳು.

"ಕದಿರ, ನೀನೇ ಆ ಹಗ್ಗದೊಳಗಿನ ಪೆಟ್ಟು ಅಂದ್ಕೋ. ಈ ತುದಿಯಿಂದ ಗೂಳಿ ನುಗ್ಗಿದಂಗೆ ಓಡು. ಕವಲು ಬಂದಾಗ ಅದಕ್ಕೆ ತಿರುಗು."

"ನಿನಗೆ ಆಟ ಬೇರೆ ಕೇಡು ಕಣಕ್ಕ. ಹಟ್ಟಿ ಬಿದ್ದೋಗ್ತೈತೆ ಇಲ್ಲಿ."

"ಓಡು ಅಂದ್ರೆ ಓಡೋ. ನಿನ್ನ ಎತ್ತಿ ಆಡಿಸಿದೋಳು ನಾನು."

ಅವನು ಓಡಿದ. ಕವಲು ಬಂತು, ಹಿಂದಕ್ಕೆ ತಿರುಗಲು ಹೋದ, ಕಾಲು ನಿಲ್ಲಲಿಲ್ಲ, ನಾಲ್ಕು ಹೆಜ್ಜೆ ಮುಂದೆ ಹೋಗಿ ತಿಪ್ಪೆಯೊಳಗೆ ಮುಗ್ಗರಿಸಿದ. ಪಾತ್ರೆ ಕಟ್ಟುತ್ತಿದ್ದ ಹೆಂಗಸರು ಅಷ್ಟು ದುಃಖದಲ್ಲೂ ನಕ್ಕರಂತೆ. ಪೆದ್ದಕ್ಕ ನಗಲಿಲ್ಲ. ಕವಲನ್ನು ಹಗ್ಗಕ್ಕೆ ನೆಟ್ಟಗೆ ನಿಲ್ಲಿಸಿ ಮತ್ತೆ ಓಡಿಸಿದಳು. ಈ ಸಲ ಅವನು ಪಕ್ಕಕ್ಕೆ ಹೊರಳಿಕೊಂಡು ಕವಲಿಗೆ ನುಗ್ಗಿದ.

"ಅಂಥ ಓಟದೋನ್ನ ಹಿಂದಕ್ಕೆ ತಿರುಗು ಅಂದ್ರೆ ತಿರುಗ್ತಾನಾ?" ಎಂದಳು. "ಹಗ್ಗ ಕೊಳೆತಿಲ್ಲ ಕಣೋ. ಬಾಲ ಎಲ್ಲಾ ನೀನು ಓಡೋ ಕಡೆ ಇಟ್ಟಿದ್ದೀಯ, ಗಂಟು ಮುಂದೆ ಬಿತ್ತು, ಕುಳಿ ಹಿಂದೆ ಉಳೀತು. ಇಲ್ಲಿ ಓಡೋನು ನೀನಲ್ಲ, ಅವನು."

ಕದಿರಪ್ಪ ತಿಪ್ಪೆಯ ಬೂದಿ ಒರೆಸಿಕೊಳ್ಳುವುದನ್ನೂ ಮರೆತು ನಿಂತನಂತೆ. ಅವಳು ಉದ್ದ ಹಗ್ಗಕ್ಕೆ ತಾಯಿ ಎಂದೂ, ಕುಳಿಯಿಂದ ಬರುವ ತುಂಡಿಗೆ ಮಗು ಎಂದೂ ಹೆಸರಿಟ್ಟು, ತಾಯಿಯ ಎದುರು ಮಗು ನೆಟ್ಟಗೆ ನಿಲ್ಲಬೇಕು ಎಂದು ತೋರಿಸಿಕೊಟ್ಟಳು. ಇವತ್ತಿಗೂ ನಮ್ಮ ಗಣಿಯಲ್ಲಿ ತಾಯಿಹಗ್ಗ, ಮಗುಹಗ್ಗ ಎನ್ನುವುದು ಅವಳಿಂದಲೇ ಬಂದದ್ದು ಎನ್ನುತ್ತಾರೆ.

ಆದರೆ ಗೊತ್ತಾಗುವುದು ಬೇರೆ, ಕೈಗೆ ಬರುವುದು ಬೇರೆ. ನಲವತ್ತು ವರ್ಷ ವಾಲಿಸಿದ ಕೈ. ಕದಿರಪ್ಪ ಅಭ್ಯಾಸಕ್ಕೆಂದು ಕತ್ತಾಳೆ ಹಗ್ಗದಲ್ಲಿ ಹತ್ತು ಗಂಟು ಹಾಕಿದರೆ ನಾಲ್ಕು ವಾಲುತ್ತಿದ್ದವು. ಉಳಿದದ್ದು ಒಂದೇ ಸುರುಳಿ. ಹದಿನಾಲ್ಕರಲ್ಲಿ ಒಂದು ವಾಲಿದರೂ ಅಜ್ಜ ಅರ್ಧ ಒಡೆದು ಅರ್ಧ ಉರುಳುತ್ತಾನೆ.

"ಅಕ್ಕಾ, ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ," ಎಂದನಂತೆ. ಏಳು ಬೆಟ್ಟಕ್ಕೆ ಹೆಸರಾದ ಮೇಸ್ತ್ರಿ ಆ ಮಾತನ್ನು ಎಲ್ಲರ ಎದುರಿಗೇ ಹೇಳಿದ. ದೊಡ್ಡ ಮಾತು ಅದು. "ನೀನು ಬಂದು ನೋಡ್ಬೇಕು."

ಹಿರಿಯರು ಒಪ್ಪಲಿಲ್ಲ. ಹೆಂಗಸು ಮದ್ದಿನ ಬಂಡೆ ಹತ್ತಿದರೆ ಕೆಟ್ಟದ್ದಾಗುತ್ತದೆ ಎಂದರು. ಪೆದ್ದಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೇಳಿದಳಂತೆ, "ಯಜಮಾನ್ರೇ, ಅಜ್ಜ ಉರುಳಿದ್ರೆ ಹೆಂಗಸರ ಗುಡಿಸಲು ನೋಡ್ಕೊಂಡು ಪಕ್ಕಕ್ಕೆ ಹೋಗ್ತಾನಾ?" ಹಿರಿಯರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಎಂಟನೆಯ ದಿನ ಬಂತು. ಹದಿನಾಲ್ಕು ಕುಳಿಯೂ ತಯಾರಾಗಿದ್ದವು. ಹಟ್ಟಿಯವರು ಮಕ್ಕಳು, ಕೋಳಿ, ಮೇಕೆಗಳನ್ನು ಹಿಡಿದುಕೊಂಡು ಎದುರಿನ ದಿಬ್ಬ ಹತ್ತಿದರು. ಅಮಲ್ದಾರರೂ ಬಂದು ಅಲ್ಲೇ ಕುದುರೆ ನಿಲ್ಲಿಸಿದರು. ಕದಿರಪ್ಪ ಹಗ್ಗ ಹಾಸಿ ಗಂಟು ಹಾಕುತ್ತಾ ಕೆಳಗಿಳಿದ. ಅವನು ಮುಗಿಸಿದ ತುದಿಯಿಂದ ಪೆದ್ದಕ್ಕ ಬರಿಗಾಲಲ್ಲಿ ಬಂಡೆ ಹತ್ತಿದಳು. ಅಂಗೈಯನ್ನು ತಾಯಿಹಗ್ಗದ ಮೇಲಿಟ್ಟು, ಒಂದೊಂದೇ ಗಂಟನ್ನು ಮುಟ್ಟುತ್ತಾ, ಕೇಪು ಕಟ್ಟುವ ತುದಿಯ ಕಡೆಗೆ ನಡೆದಳು. ಕಣ್ಣು ಮುಚ್ಚಿದ್ದಳಂತೆ. ಕಣ್ಣು ಮೋಸ ಮಾಡಬಹುದು, ಹೊಸೆದ ಕೈ ಮೋಸ ಮಾಡುವುದಿಲ್ಲ ಎಂದಳಂತೆ. ಐದನೆಯ ಗಂಟಿನ ಹತ್ತಿರ ನಿಂತಳು. ಮಗು ವಾಲಿತ್ತು. ಬಿಚ್ಚಿ ನೆಟ್ಟಗೆ ಮಾಡಿದಳು. ಹನ್ನೊಂದನೆಯದೂ ವಾಲಿತ್ತು. ಅದನ್ನೂ ನೆಟ್ಟಗೆ ಮಾಡಿದಳು. ಕೊನೆಯ ಗಂಟು ಮುಟ್ಟಿ, "ಆಯ್ತು ಕದಿರ, ಕಟ್ಟು ನಿನ್ನ ಕೇಪು," ಎಂದು ಹೇಳಿ, ಹಿಂದೆ ನೋಡದೆ ಇಳಿದು ಬಂದಳು.

ಕದಿರಪ್ಪ ಕೇಪು ಕಟ್ಟಿ, ಬತ್ತಿ ಹಚ್ಚಿ, ಓಡಿ ಬಂದು ಅವಳ ಪಕ್ಕದಲ್ಲಿ ಕೂತ. 

ಢಂ!

"ಒಂದು," ಎಂದ ಕದಿರಪ್ಪ. ಅಭ್ಯಾಸ. ಎರಡು ಎನ್ನಲು ಬಾಯಿ ತೆರೆದ, ತೆರೆದದ್ದು ತೆರೆದೇ ಇತ್ತು. ಎರಡನೆಯ ಸದ್ದು ಬರಲಿಲ್ಲ. ಬರಬಾರದು ಎಂದು ಅವನಿಗೆ ಗೊತ್ತು. ಆದರೆ ಪರೀಕ್ಷೆಯ ದಿನವೂ ಒಂದೇ ಸದ್ದು ಕೇಳಿತ್ತಲ್ಲ, ಐದು ಮೂಗ ಉಳಿದಿತ್ತಲ್ಲ! ಹದಿನಾಲ್ಕು ಸಿಡಿದರೂ ಒಂದೇ ಸದ್ದು, ಮೂರು ಸಿಡಿದರೂ ಒಂದೇ ಸದ್ದು. ಜೀವಮಾನವೆಲ್ಲ ನಂಬಿದ್ದ ಕಿವಿ ಅವತ್ತು ಅವನಿಗೆ ಏನನ್ನೂ ಹೇಳಲಿಲ್ಲ. ದೂಳು ಅಜ್ಜನನ್ನು ಮುಚ್ಚಿಬಿಟ್ಟಿತ್ತು. ದೂಳಿನೊಳಗೆ ಗಡಗಡ ಸದ್ದು. ಉರುಳುತ್ತಿದ್ದಾನೆ, ಉರುಳುತ್ತಿದ್ದಾನೆ ಎಂದು ಯಾರೋ ಚೀರಿದರು. ಕದಿರಪ್ಪ ತಲೆಯನ್ನು ಮೊಣಕಾಲ ನಡುವೆ ಹುದುಗಿಸಿದ. ಪೆದ್ದಕ್ಕ ಅವನ ಜುಟ್ಟು ಹಿಡಿದು ತಲೆ ಎತ್ತಿಸಿದಳಂತೆ.

"ನೋಡೋ! ನಿನ್ನ ಅಜ್ಜ ಮಲಗಿದ!"

ದೂಳು ಇಳಿದಿತ್ತು. ಕೂತಜ್ಜ ಇರಲಿಲ್ಲ. ಅವನು ಕೂತಿದ್ದ ಜಾಗದಲ್ಲಿ ಕತ್ತಿಯಿಂದ ಕೊಯ್ದ ಹಾಗೆ ಚಪ್ಪಡಿ ಚಪ್ಪಡಿಯಾಗಿ ಕಲ್ಲು ಒಂದರ ಮೇಲೊಂದು ಕುಸಿದು ಕೂತಿತ್ತು. ಇಳಿಜಾರಿಗೆ ಒಂದು ತುಂಡೂ ಬಂದಿರಲಿಲ್ಲ. ಬಂದದ್ದು ಒಂದೇ ಚೂರು, ಅದು ಬಾವಿಕಟ್ಟೆಯವರೆಗೆ ಉರುಳಿ ಬಂದು, ಅಲ್ಲಿ ಮರೆತು ಬಿಟ್ಟಿದ್ದ ಕೊಡಕ್ಕೆ ತಾಗದೆ ನಿಂತಿತಂತೆ. ಸದ್ದು ಏಳು ಊರಿಗೆ ಕೇಳಿತ್ತು ಎನ್ನುತ್ತಾರೆ. ಹನ್ನೆರಡು ಊರು ಎನ್ನುವವರೂ ಇದ್ದಾರೆ. ಮಾರನೆಯ ದಿನ ಕದಿರಪ್ಪ ಹೋಗಿ ಎಣಿಸಿದಾಗ ಹದಿನಾಲ್ಕು ಕುಳಿಯೂ ಮಾತಾಡಿದ್ದವು, ಮೂಗ ಒಂದೂ ಇರಲಿಲ್ಲ. ಅಮಲ್ದಾರರು ಕುದುರೆಯಿಂದ ಇಳಿದು ಪೆದ್ದಕ್ಕನಿಗೆ ಕೈಮುಗಿದರಂತೆ. ಅವಳು ಅದಕ್ಕೆ ಏನು ಮಾಡಬೇಕೋ ತಿಳಿಯದೆ, ಕುದುರೆಗೆ ಕಟ್ಟಿದ ಹಗ್ಗ ಸವೆದಿದೆ, ಬೇರೆ ಹೊಸೆದುಕೊಡುತ್ತೇನೆ ಎಂದಳಂತೆ.

ಹಟ್ಟಿ ಉಳಿಯಿತು. ಅಜ್ಜನ ಚಪ್ಪಡಿಗಳನ್ನು ನಲವತ್ತು ಮನೆಯವರೂ ಹಂಚಿಕೊಂಡು ಗುಡಿಸಲು ಕಿತ್ತು ಕಲ್ಲುಮನೆ ಕಟ್ಟಿದರು. ಆ ಮನೆಗಳಲ್ಲಿ ಮೂವತ್ತೊಂದು ಈಗಲೂ ನಿಂತಿವೆ, ಇದನ್ನು ಮಾತ್ರ ನಾನೇ ಎಣಿಸಿದ್ದೇನೆ. ಹೆಂಗಸರು ಬಂಡೆ ಹತ್ತಬಾರದು ಎಂಬ ಕಟ್ಟಳೆ ಅವತ್ತೇ ಮುಗಿಯಿತು. ಕದಿರಪ್ಪ ಆಮೇಲೆ ಎಷ್ಟೋ ಬೆಟ್ಟಗಳಲ್ಲಿ ಕೆಲಸ ಮಾಡಿದ, ಅಕ್ಕನ ಕೈ ಮುಟ್ಟದ ಹಗ್ಗಕ್ಕೆ ಒಮ್ಮೆಯೂ ಕೇಪು ಕಟ್ಟಲಿಲ್ಲವಂತೆ.

ಈಗ ಪೆದ್ದಕ್ಕ ಇಲ್ಲ. ಆದರೂ ನಮ್ಮ ಗಣಿಯಲ್ಲಿ ಹಗ್ಗ ಹಾಸಿದ ಮೇಲೆ ಒಬ್ಬರು ಬರಿಗಾಲಲ್ಲಿ, ಅಂಗೈಯನ್ನು ತಾಯಿಹಗ್ಗದ ಮೇಲಿಟ್ಟು, ಕೊನೆಯ ತುದಿಯಿಂದ ಕೇಪಿನ ತುದಿಯವರೆಗೆ ನಡೆಯುತ್ತಾರೆ. ಆಗ ಅವರನ್ನು ಯಾರೂ ಮಾತಾಡಿಸಬಾರದು. ನಡೆದು ಮುಗಿಸಿದವರು "ಪೆದ್ದಕ್ಕ ನೋಡವಳೆ!" ಎಂದು ಕೂಗಬೇಕು. ಆ ಕೂಗು ಕೇಳದೆ ನಮ್ಮಲ್ಲಿ ಯಾರೂ ಕೇಪು ಕಟ್ಟುವುದಿಲ್ಲ, ಎಂಥ ದೊಡ್ಡ ಸಾಹೇಬರು ಬಂದು ನಿಂತಿದ್ದರೂ ಸರಿಯೇ. ಅವತ್ತಿನಿಂದ ನಮ್ಮ ಹಟ್ಟಿಯಲ್ಲಿ ಮೂಗಕುಳಿಗೆ ಒಬ್ಬರೂ ಬಲಿಯಾಗಿಲ್ಲ.

ಕೊನೆಯ ತುದಿಯಿಂದಲೇ ಯಾಕೆ, ಕೇಪಿನ ಕಡೆಯಿಂದ ಯಾಕೆ ನಡೆಯಬಾರದು ಎಂದು ಹೊಸಬರು ಕೇಳುತ್ತಾರೆ. ಅದಕ್ಕೆ ಎರಡು ಕಾರಣ ಇವೆ, ಬಿಡಿಸಿ ಹೇಳುತ್ತೇನೆ. ಮೊದಲನೆಯದು ಕೈಯ ಕಾರಣ. ಹಾಗೆ ಎದುರಿನಿಂದ ನಡೆದು ಬಂದರೆ, ನೆಟ್ಟಗಿರುವ ಮಗು ಅಂಗೈಗೆ ತಡೆಯುತ್ತದೆ. ವಾಲಿದ ಮಗುವಾದರೆ ಕೈ ಸಲೀಸಾಗಿ ಅದರ ಮೇಲೆ ಜಾರುತ್ತದೆ. ಎಲ್ಲಿ ನಮ್ಮ ಕೈ ಸಲೀಸಾಗಿ ಜಾರುತ್ತದೋ ಅಲ್ಲಿ ಪೆಟ್ಟು ತಿರುಗುವುದಿಲ್ಲ. ಎರಡನೆಯ ಕಾರಣ ಇದಕ್ಕಿಂತ ದೊಡ್ಡದು, ಅದನ್ನು ಹೇಳಬೇಕಾದರೆ ಮೊದಲು ಕೇಪನ್ನು ಎಲ್ಲಕ್ಕಿಂತ ಕೊನೆಯಲ್ಲಿ ಯಾಕೆ ಕಟ್ಟುತ್ತಾರೆ ಎಂಬುದನ್ನು...

ಇರಿ, ಮೇಲಿನಿಂದ ಕರೆಯುತ್ತಿದ್ದಾರೆ. ಕೆಂಪು ಬಾವುಟ ಏರಿಸಿಬಿಟ್ಟಿದ್ದಾರೆ. "ಮುನಿಸ್ವಾಮಣ್ಣೋ, ಹಗ್ಗ ಹಾಸಿ ಆಯ್ತು, ಇವತ್ತು ನಡೆಯೋ ಸರದಿ ನಿಂದು! ಚಪ್ಪಲಿ ಅಲ್ಲೇ ಬಿಟ್ಟು ಬಾರಣ್ಣ!"